ಕೋಟೆಯನ್ನು ಯಾವ ಕೋನದಿಂದ ನೋಡಬೇಕು?

ಚಿತ್ರದುರ್ಗದ ಕೋಟೆಯ ಚಿತ್ರ ಬರೆಯಿರೆಂದು ಪ್ರೌಢಶಾಲೆಯ ಮಕ್ಕಳಿಗೆ ಹೇಳಿ ನೋಡಿ. ಕೋಟೆಯನ್ನು ಕಾಣದ ಮಕ್ಕಳು ಒಂದರೊಳಗೊಂದು ಏಳು ವೃತ್ತಗಳನ್ನು ಎಳೆದು ನಡುವೆ ಒಂದು ಚುಕ್ಕಿ ಇಡುತ್ತಾರೆ. ಏಳು ಸುತ್ತಿನ ಕೋಟೆಯಲ್ಲವೇ! ಕೋಟೆ ಹತ್ತಿ ಬಂದ ಮಕ್ಕಳ ಚಿತ್ರ ಬೇರೆಯೇ. ಕೆಳಗೊಂದು ಬಾಗಿಲು, ಅದರ ಮೇಲೆ ಬಂಡೆ, ಬಂಡೆಯ ಮೇಲೆ ಗೋಡೆ, ಗೋಡೆಯ ಮೇಲೆ ಮತ್ತೊಂದು ಬಂಡೆ, ತುದಿಯಲ್ಲೊಂದು ಬತೇರಿ. ಮೊದಲನೆಯದು ಆಕಾಶದಿಂದ ಕಂಡಂತಿರುವ ಕೋಟೆ. ಎರಡನೆಯದು ನೆಲದ ಮೇಲೆ ನಿಂತು ಕಂಡ ಕೋಟೆ. ಮೊದಲನೆಯದರಲ್ಲಿ ಎತ್ತರವೇ ಇಲ್ಲ. ಎರಡನೆಯದರಲ್ಲಿ ಯಾವ ಬಂಡೆ ಹತ್ತಿರದ್ದು, ಯಾವುದು ದೂರದ್ದು ಎಂಬುದು ತಿಳಿಯುವುದಿಲ್ಲ. ಯಾವ ಚಿತ್ರಕ್ಕೆ ಹೆಚ್ಚು ಅಂಕ ಕೊಡಬೇಕು ಎಂದು ಶಿಕ್ಷಕರಾದ ನೀವು ಯೋಚಿಸುವ ಹೊತ್ತಿಗೆ, ಇದೇ ಪ್ರಶ್ನೆಯನ್ನು ಎದುರಿಸಿದ ಇನ್ನೊಂದು ವರ್ಗದವರ ಕಡೆಗೆ ನಿಮ್ಮ ಗಮನ ಸೆಳೆಯುತ್ತೇನೆ. ಅವರು ಗಣಕದ ಆಟಗಳನ್ನು ರಚಿಸುವವರು.

ಕೋಟೆ ಕಟ್ಟಿ, ಪಡೆ ಬೆಳೆಸಿ, ಎದುರಾಳಿಯ ಕೋಟೆಗೆ ಲಗ್ಗೆ ಹಾಕುವ ಆಟಗಳನ್ನು ನಿಮ್ಮ ವಿದ್ಯಾರ್ಥಿಗಳು ಆಡಿಯೇ ಇರುತ್ತಾರೆ. ಚದುರಂಗದಲ್ಲಿ ನೀವೊಂದು ಕಾಯಿ ನಡೆಸಿದ ಮೇಲೆ ಎದುರಾಳಿಯ ಸರದಿ. ಇಲ್ಲಿ ಸರದಿ ಎಂಬುದಿಲ್ಲ. ನೀವು ಯೋಚಿಸುತ್ತಿರುವಾಗಲೇ ಎದುರಾಳಿಯ ಪಡೆ ನಡೆದು ಬರುತ್ತಿರುತ್ತದೆ. ಆದ್ದರಿಂದಲೇ ಇವಕ್ಕೆ ರಿಯಲ್-ಟೈಮ್ ಸ್ಟ್ರ್ಯಾಟಜಿ ಆಟಗಳೆಂದು ಹೆಸರು. ಈ ಲೇಖನದಲ್ಲಿ ಚಿಕ್ಕದಾಗಿ ತಂತ್ರದಾಟ ಎನ್ನೋಣ. 1997ರ ಏಜ್ ಆಫ್ ಎಂಪೈರ್ಸ್, 1998ರ ಸ್ಟಾರ್‌ಕ್ರಾಫ್ಟ್ ಈ ಬಗೆಯ ಪ್ರಸಿದ್ಧ ಆಟಗಳು. ಇಂಥ ಆಟದಲ್ಲಿ ನೀವು ಯಾವ ಸೈನಿಕನ ಕಣ್ಣಿನಿಂದಲೂ ನೋಡುವುದಿಲ್ಲ; ರಣರಂಗದ ಮೇಲೆ ಎಲ್ಲಿಯೋ ತೂಗುಬಿಟ್ಟ ಒಂದು ಕಾಲ್ಪನಿಕ ಕ್ಯಾಮೆರಾದಿಂದ ನೋಡುತ್ತೀರಿ. ಆ ಕ್ಯಾಮೆರಾವನ್ನು ಬೇಕೆಂದಂತೆ ಬಾಗಿಸಲು, ಸುತ್ತಿಸಲು ಬಂದರೆ ಆಟಗಾರನಿಗೆ ಪ್ರಯೋಜನವೇನು? ಕಣ್ಣಿಗೆ ಚೆಂದ ಎಂಬುದಷ್ಟೇ ಉತ್ತರವಾಗಿದ್ದರೆ ಈ ಲೇಖನ ಬೇಕಿರಲಿಲ್ಲ.

ಸಮಬಲವಿದ್ದೂ ಸೋತ ಪಡೆ

ನನಗೆ ಪರಿಚಯದ ಪಿ.ಯು. ವಿದ್ಯಾರ್ಥಿಯೊಬ್ಬ ಒಮ್ಮೆ ದೂರು ತಂದ. 1999ರಲ್ಲಿ ಬಂದ, ಈಗಲೂ ಹೊಸ ರೂಪದಲ್ಲಿ ಜನ ಆಡುತ್ತಿರುವ ಏಜ್ ಆಫ್ ಎಂಪೈರ್ಸ್‌ನ ಎರಡನೆಯ ಆಟ ಅವನ ಮೆಚ್ಚಿನದು. ಅವನ ಕಡೆ ಇಪ್ಪತ್ತು ಬಿಲ್ಲುಗಾರರು, ಎದುರಾಳಿಯ ಕಡೆಯೂ ಇಪ್ಪತ್ತು. ಎರಡೂ ಕಡೆ ಒಂದೇ ಬಗೆಯ ಬಿಲ್ಲು. ಆದರೂ ಅವನ ಪಡೆ ನೆಲಕಚ್ಚಿತು, ಎದುರಾಳಿಯವರು ಬಹಳ ಮಂದಿ ಉಳಿದುಕೊಂಡರು. “ಗಣಕ ಮೋಸ ಮಾಡುತ್ತದೆ ಸಾರ್” ಎಂಬುದು ಅವನ ತೀರ್ಮಾನ.

ಮೋಸವೇನೂ ಇರಲಿಲ್ಲ. ಎದುರಾಳಿಯ ಬಿಲ್ಲುಗಾರರು ದಿಬ್ಬದ ಮೇಲಿದ್ದರು. ಆ ಆಟದ ನಿಯಮದಂತೆ ಎತ್ತರದಿಂದ ತಗ್ಗಿಗೆ ಹೊಡೆದ ಏಟಿನ ಬಲ ಶೇಕಡಾ 25ರಷ್ಟು ಹೆಚ್ಚು. ತಗ್ಗಿನಿಂದ ಎತ್ತರಕ್ಕೆ ಹೊಡೆದದ್ದು ಶೇಕಡಾ 25ರಷ್ಟು ಕಡಿಮೆ. 1.25ನ್ನು 0.75ರಿಂದ ಭಾಗಿಸಿ. ಮೇಲಿನವರ ಒಂದೊಂದು ಏಟು ಕೆಳಗಿನವರ ಏಟಿನ ಸುಮಾರು 1.67ರಷ್ಟು. ಇಪ್ಪತ್ತಕ್ಕೆ ಇಪ್ಪತ್ತು ಎಂದು ಅವನು ಎಣಿಸಿದ್ದ. ದಿಬ್ಬ ಅವನ ಲೆಕ್ಕದಲ್ಲಿ ಇರಲಿಲ್ಲ. ಏಕೆಂದರೆ ಅದು ಅವನ ಕಣ್ಣಿಗೇ ಬಿದ್ದಿರಲಿಲ್ಲ! ಆ ಆಟದಲ್ಲಿ ಕ್ಯಾಮೆರಾವನ್ನು ಬಾಗಿಸಲು ಬರುವುದಿಲ್ಲ. ನೆಲದ ಏರುಪೇರು ಹುಲ್ಲಿನ ಬಣ್ಣದಲ್ಲಿ ಆಗುವ ಸಣ್ಣ ವ್ಯತ್ಯಾಸವಾಗಿ ಮಾತ್ರ ತೋರುತ್ತದೆ. ಅಭ್ಯಾಸವಿದ್ದವರು ಅದನ್ನು ಓದಿಕೊಳ್ಳುತ್ತಾರೆ, ಹೊಸಬರಿಗೆ ಬಯಲಿನಂತೆಯೇ ಕಾಣುತ್ತದೆ.

ಎತ್ತರಕ್ಕೆ ಬೆಲೆಯಿರುವ ಕಡೆ ಎತ್ತರ ಕಾಣದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಸಣ್ಣ ಉದಾಹರಣೆ. ಅದು ಏಕೆ ಕಾಣುವುದಿಲ್ಲ ಎಂಬುದಕ್ಕೆ ತುಸು ತ್ರಿಕೋನಮಿತಿ ಬೇಕು. ಹತ್ತನೆಯ ತರಗತಿಯದು ಸಾಕು.

ಒಂದು ಸಮೀಕರಣ, ಎರಡು ಅಜ್ಞಾತಗಳು

ಕ್ಯಾಮೆರಾ ಬಹಳ ದೂರದಲ್ಲಿದೆ, ಅದರಿಂದ ಹೊರಟ ದೃಷ್ಟಿರೇಖೆಗಳೆಲ್ಲ ಸಮಾಂತರ ಎಂದು ಇಟ್ಟುಕೊಳ್ಳಿ. ದೃಷ್ಟಿರೇಖೆ ನೆಲದೊಡನೆ ಮಾಡುವ ಕೋನವನ್ನು ಓರೆಕೋನ ಎನ್ನೋಣ. ಓರೆಕೋನ 90 ಡಿಗ್ರಿ ಆದರೆ ನೀವು ನೆತ್ತಿಯ ನೇರಕ್ಕೆ ನಿಂತು ಕೆಳಗೆ ನೋಡುತ್ತಿದ್ದೀರಿ. ಸೊನ್ನೆಯಾದರೆ ನೆಲಮಟ್ಟದಿಂದ ನೋಡುತ್ತಿದ್ದೀರಿ. ಈಗ ಒಂದು ವಸ್ತು ಪರದೆಯ ಮೇಲೆ ಎಷ್ಟು ಮೇಲಕ್ಕೆ ಕಾಣುತ್ತದೆ? ಎರಡು ಪಾಲುಗಳಿವೆ. ಅದು ನೆಲದ ಮೇಲೆ ನಿಮ್ಮಿಂದ ಎಷ್ಟು ದೂರ ಸರಿದಿದೆಯೋ ಆ ದೂರವನ್ನು ಓರೆಕೋನದ ಸೈನ್‌ನಿಂದ ಗುಣಿಸಿದರೆ ಒಂದು ಪಾಲು. ಅದು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಆ ಎತ್ತರವನ್ನು ಓರೆಕೋನದ ಕೊಸೈನ್‌ನಿಂದ ಗುಣಿಸಿದರೆ ಇನ್ನೊಂದು ಪಾಲು. ಎರಡನ್ನೂ ಕೂಡಿಸಬೇಕು.

90 ಡಿಗ್ರಿಯಲ್ಲಿ ಕೊಸೈನ್ ಸೊನ್ನೆ. ಎತ್ತರ ಪೂರ್ತಿ ಮಾಯ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ನೆನಪಿಸಿಕೊಳ್ಳಿ. ವೇದಾವತಿಗೆ ಅಡ್ಡಲಾಗಿ, ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವಣ ಸಂದನ್ನು ಮುಚ್ಚಿ ಕಟ್ಟಿದ ಅಣೆಕಟ್ಟು ಅದು. 1907ರಲ್ಲಿ ಕೆಲಸ ಮುಗಿಯಿತು. ನೆತ್ತಿಯ ಮೇಲಿಂದ ತೆಗೆದ ಚಿತ್ರದಲ್ಲಿ ನೀರಿನ ಹರವು ಎಷ್ಟೆಂದು ಚೆನ್ನಾಗಿ ತಿಳಿಯುತ್ತದೆ. ಕಟ್ಟೆ ಮಾತ್ರ ಒಂದು ಗೆರೆ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಆ ಹಿಗ್ಗನ್ನು ನೋಡಲು ಹೋದ ಜನ ನೋಡಿದ್ದು ಹರವನ್ನಲ್ಲ, ಮಟ್ಟವನ್ನು. 130 ಅಡಿ ಮುಟ್ಟಿತೇ ಎಂಬುದನ್ನು. ಅದು ಪಕ್ಕದಿಂದ ಓದಬೇಕಾದ ಸಂಗತಿ.

ನೆತ್ತಿನೋಟಕ್ಕೆ ಇನ್ನೊಂದು ತೊಡಕೂ ಇದೆ. ಹೊಳಲ್ಕೆರೆ ಸೀಮೆಯ ಅಡಿಕೆ ತೋಟವನ್ನೋ ಹೊಸದುರ್ಗದ ಕಡೆಯ ತೆಂಗಿನ ತೋಟವನ್ನೋ ಮೇಲಿಂದ ನೋಡಿದರೆ ಗರಿಗಳ ಚಪ್ಪರವಷ್ಟೇ ಕಾಣುತ್ತದೆ. ಕೆಳಗೆ ಯಾರಿದ್ದಾರೆ, ಎಷ್ಟು ಮಂದಿ ಇದ್ದಾರೆ ಎಂಬುದು ತಿಳಿಯಬೇಕಾದರೆ ಬದುವಿನ ಮೇಲೆ ನಿಂತು ಸಾಲುಗಳ ನಡುವೆ ಕಣ್ಣು ಹಾಯಿಸಬೇಕು. ತಂತ್ರದಾಟಗಳಲ್ಲಿ ಕಾಡಿನೊಳಗೆ ಪಡೆ ಅಡಗಿಸುವವರಿಗೆ ಇದು ಗೊತ್ತು.

ಹಾಗಾದರೆ ಓರೆನೋಟವೇ ಸರಿಯಲ್ಲವೇ? ಹಳೆಯ ತಂತ್ರದಾಟಗಳಲ್ಲಿ ಹಲವು ಮಾಡಿದ್ದು ಅದನ್ನೇ. ನೆಲದ ಚೌಕಗಳನ್ನು 45 ಡಿಗ್ರಿ ತಿರುಗಿಸಿ, ಓರೆಯಾಗಿ ನೋಡಿ, ವಜ್ರಾಕೃತಿಯಾಗಿ ತೋರಿಸುವುದು ಅವುಗಳ ರೂಢಿ. ಇದಕ್ಕೆ ಐಸೊಮೆಟ್ರಿಕ್ ನೋಟ ಎನ್ನುತ್ತಾರೆ. ಹೆಸರು ಪೂರ್ತಿ ಸರಿಯಲ್ಲ. ಉದ್ದ, ಅಗಲ, ಎತ್ತರ ಮೂರೂ ಒಂದೇ ಪ್ರಮಾಣದಲ್ಲಿ ಕುಗ್ಗುವ ನಿಜವಾದ ಐಸೊಮೆಟ್ರಿಕ್ ಚಿತ್ರದಲ್ಲಿ ಓರೆಕೋನ ಸುಮಾರು 35.3 ಡಿಗ್ರಿ ಇರಬೇಕು. ಆಟಗಳ ವಜ್ರವೋ ಅಗಲ ಎರಡು, ಎತ್ತರ ಒಂದು ಎಂಬ ಲೆಕ್ಕದ್ದು. ಅಂದರೆ ಸೈನ್ ಅರ್ಧ, ಓರೆಕೋನ 30 ಡಿಗ್ರಿ. ಎರಡು ಚುಕ್ಕಿ ಪಕ್ಕಕ್ಕೆ, ಒಂದು ಚುಕ್ಕಿ ಮೇಲಕ್ಕೆ ಎಂದು ಹೋದರೆ ಪರದೆಯ ಮೇಲೆ ಗೆರೆ ಅಚ್ಚುಕಟ್ಟಾಗಿ ಬರುತ್ತದೆ. ಆದ್ದರಿಂದ ಈ ಆಯ್ಕೆ.

30 ಡಿಗ್ರಿಯಲ್ಲಿ ದೂರ ಅರ್ಧಕ್ಕೆ ಕುಗ್ಗುತ್ತದೆ, ಎತ್ತರ 0.87ರಷ್ಟು ಉಳಿಯುತ್ತದೆ. ಎರಡೂ ಕಾಣುತ್ತವೆ ಎಂದು ಸಂತೋಷಪಡುವ ಮುನ್ನ ಒಂದು ಲೆಕ್ಕ ಮಾಡಿ. ಪರದೆಯ ಮೇಲೆ ಒಬ್ಬ ಬಿಲ್ಲುಗಾರ 10 ಅಳತೆ ಮೇಲೆ ಕಾಣುತ್ತಿದ್ದಾನೆ. ಅವನು 20 ಅಳತೆ ದೂರದ ಸಮನೆಲದ ಮೇಲಿರಬಹುದು: 20ರ ಅರ್ಧ 10. ಅಥವಾ ಹತ್ತಿರದಲ್ಲೇ 11.5 ಅಳತೆ ಎತ್ತರದ ಬಂಡೆಯ ಮೇಲಿರಬಹುದು: 11.5ನ್ನು 0.87ರಿಂದ ಗುಣಿಸಿದರೂ 10. ಅಥವಾ ಇವೆರಡರ ನಡುವೆ ಎಲ್ಲಿಯಾದರೂ. ಗೊತ್ತಿರುವುದು ಒಂದೇ ಸಂಖ್ಯೆ. ದೂರ ಮತ್ತು ಎತ್ತರ ಎಂಬ ಅಜ್ಞಾತಗಳು ಎರಡು. ಒಂದು ಸಮೀಕರಣದಿಂದ ಎರಡು ಅಜ್ಞಾತಗಳನ್ನು ಬಿಡಿಸಲಾಗದೆಂದು ನೀವೇ ಪಾಠ ಮಾಡಿದ್ದೀರಿ.

ಈಗ ಕ್ಯಾಮೆರಾವನ್ನು 60 ಡಿಗ್ರಿಗೆ ಎತ್ತಿ. ಬಿಲ್ಲುಗಾರ ಸಮನೆಲದಲ್ಲಿದ್ದರೆ ಪರದೆಯ ಮೇಲೆ 10ರಿಂದ 17.3ಕ್ಕೆ ಏರುತ್ತಾನೆ. ಬಂಡೆಯ ಮೇಲಿದ್ದರೆ 10ರಿಂದ 5.8ಕ್ಕೆ ಇಳಿಯುತ್ತಾನೆ. ಒಬ್ಬ ಮೇಲಕ್ಕೆ, ಇನ್ನೊಬ್ಬ ಕೆಳಕ್ಕೆ! ಗೊಂದಲಕ್ಕೆ ಎಡೆಯೇ ಇಲ್ಲ. ಎರಡನೆಯ ಕೋನ ಎರಡನೆಯ ಸಮೀಕರಣವನ್ನು ಕೊಟ್ಟಿತು. ಆಟಗಾರ ಕುಳಿತು ಈ ಲೆಕ್ಕ ಮಾಡುವುದಿಲ್ಲ, ನಿಜ. ಮೌಸನ್ನು ಒಮ್ಮೆ ಎಳೆದಾಗ ಯಾವುದು ಎಷ್ಟು ಸರಿಯಿತು ಎಂಬುದನ್ನು ಅವನ ಕಣ್ಣು, ಮಿದುಳು ತಾವಾಗಿ ಅಳೆದುಕೊಳ್ಳುತ್ತವೆ. ಬಸ್ಸಿನ ಕಿಟಕಿಯಿಂದ ನೋಡುವಾಗ ಹತ್ತಿರದ ಮರ ಓಡಿ, ದೂರದ ಗುಡ್ಡ ನಿಂತಂತೆ ಕಾಣುವುದರಿಂದಲೇ ಯಾವುದು ದೂರ ಎಂದು ನಾವು ತಿಳಿಯುವುದಿಲ್ಲವೇ?

ಇದು ಆಟಕ್ಕಷ್ಟೇ ಮೀಸಲಾದ ಉಪಾಯವಲ್ಲ. 2005ರ ಮೇ 5ರಂದು ಇಸ್ರೋ ಹಾರಿಸಿದ ಕಾರ್ಟೊಸ್ಯಾಟ್-1 ಉಪಗ್ರಹದಲ್ಲಿ ಎರಡು ಕ್ಯಾಮೆರಾಗಳಿದ್ದವು. ಒಂದು 26 ಡಿಗ್ರಿ ಮುಂದಕ್ಕೆ ಬಾಗಿತ್ತು, ಇನ್ನೊಂದು 5 ಡಿಗ್ರಿ ಹಿಂದಕ್ಕೆ. ಒಂದು ಕ್ಯಾಮೆರಾ ಕಂಡ ಸ್ಥಳವನ್ನೇ ಒಂದು ನಿಮಿಷದೊಳಗೆ ಇನ್ನೊಂದು ಬೇರೆ ಕೋನದಿಂದ ಕಾಣುತ್ತಿತ್ತು. 10 ಮೀಟರ್ ಎತ್ತರದ ಬಂಡೆಯ ತುದಿ ಈ ಎರಡು ಚಿತ್ರಗಳ ನಡುವೆ ಸುಮಾರು 6 ಮೀಟರ್ ಸರಿದಂತೆ ತೋರುತ್ತದೆ. ಚಿತ್ರದ ಒಂದೊಂದು ಚುಕ್ಕಿ ನೆಲದ 2.5 ಮೀಟರಿಗೆ ಸಮ. ಅಂದರೆ ಎರಡು ಚುಕ್ಕಿಗಿಂತ ಸ್ವಲ್ಪ ಹೆಚ್ಚು ಸರಿತ. ಅದನ್ನು ಅಳೆದು ದೇಶದ ಬೆಟ್ಟಗುಡ್ಡಗಳ ಎತ್ತರದ ಮಾದರಿಯನ್ನು ಸಿದ್ಧಪಡಿಸಿದರು. ಆಟಗಾರ ಮೌಸಿನಿಂದ ಮಾಡುವ ಕೆಲಸವೂ ತತ್ತ್ವದಲ್ಲಿ ಇದೇ.

ಗೋಡೆಯ ಹಿಂದೆ ಏನಿದೆ?

ಎತ್ತರ ತಿಳಿಯುವುದು ಒಂದು ಪ್ರಯೋಜನ. ಮರೆಯಾದದ್ದನ್ನು ಕಾಣುವುದು ಇನ್ನೊಂದು. ಕೋಟೆಯ ಮಟ್ಟಿಗೆ ಇದೇ ಹೆಚ್ಚಿನದು ಎಂದು ನನ್ನ ಅಭಿಪ್ರಾಯ.

ಓರೆಯಾಗಿ ನೋಡುವಾಗ ಪ್ರತಿ ಗೋಡೆಯ ಹಿಂದೆಯೂ ನೆಲದ ಒಂದು ಪಟ್ಟಿ ಮರೆಯಾಗುತ್ತದೆ. ಅದರ ಅಗಲ ಗೋಡೆಯ ಎತ್ತರವನ್ನು ಓರೆಕೋನದ ಟ್ಯಾಂಜೆಂಟಿನಿಂದ ಭಾಗಿಸಿದಷ್ಟು. ಗೋಡೆ 10 ಮೀಟರ್ ಎತ್ತರವಿದ್ದರೆ 60 ಡಿಗ್ರಿಯಲ್ಲಿ ಮರೆಯಾಗುವುದು 5.8 ಮೀಟರ್, 45ರಲ್ಲಿ 10 ಮೀಟರ್, 30ರಲ್ಲಿ 17.3 ಮೀಟರ್. ಬಯಲಿನ ಕೋಟೆಗೆ ಇದು ಅಷ್ಟು ತೊಂದರೆ ಕೊಡದು. ಚಿತ್ರದುರ್ಗದಂಥ ಕೋಟೆಗೆ ಕೊಡುತ್ತದೆ. ಇಲ್ಲಿ ಗೋಡೆಯ ಜೊತೆ ಮನೆಗಾತ್ರದ ಗ್ರಾನೈಟ್ ಬಂಡೆಗಳೂ ಮರೆಮಾಡುತ್ತವೆ. ಬಾಗಿಲಿಂದ ಬಾಗಿಲಿಗೆ ಹೋಗುವ ದಾರಿ ನೇರವಾಗಿಲ್ಲ. ಗೋಡೆಗಳ ನಡುವೆ ಹಾವಿನಂತೆ ಹೊರಳುತ್ತದೆ. ನುಗ್ಗಿ ಬಂದವರ ವೇಗ ಮುರಿಯಲು, ಮುಂದಿನ ಬಾಗಿಲು ಎಲ್ಲಿದೆಯೆಂದು ಅವರಿಗೆ ತಿಳಿಯದಿರಲು ಮಾಡಿದ ಏರ್ಪಾಡು ಅದು. ಬೇರೆ ಮಾತಿನಲ್ಲಿ ಹೇಳುವುದಾದರೆ, ಕೋಟೆ ಕಟ್ಟಿಸಿದ ನಾಯಕರ ಕಾಲದ ಕುಶಲಿಗಳು ಕೆಳಗಿನಿಂದ ನೋಡುವವನ ಕೋನವನ್ನು ಲೆಕ್ಕ ಹಾಕಿ ಕಟ್ಟಿದ್ದರು. ಮೇಲಿನ ಬತೇರಿಗೆ ಇಡೀ ದಾರಿ ಕಾಣಬೇಕು, ದಾರಿಯಲ್ಲಿರುವವನಿಗೆ ಹತ್ತು ಹೆಜ್ಜೆ ಮುಂದಿನದೂ ಕಾಣಬಾರದು.

ಈ ಕೋಟೆಯನ್ನು ಒಂದು ತಂತ್ರದಾಟಕ್ಕೆ ಇಳಿಸಿ, ಕ್ಯಾಮೆರಾವನ್ನು ದಕ್ಷಿಣದಿಂದ 30 ಡಿಗ್ರಿಯಲ್ಲಿ ಬಿಗಿದುಬಿಟ್ಟರೆ, ಗೋಡೆಗಳ ಉತ್ತರಕ್ಕಿರುವ ಓಣಿಗಳೆಲ್ಲ ಆಟಗಾರನಿಗೆ ಇಲ್ಲವೇ ಇಲ್ಲ. ತನ್ನದೇ ಕಾವಲುಗಾರ ಎಲ್ಲಿ ನಿಂತಿದ್ದಾನೆಂದು ಅವನು ತಡಕಾಡಬೇಕಾಗುತ್ತದೆ. ಓರೆಕೋನವನ್ನು ಬದಲಿಸದೆ ಕ್ಯಾಮೆರಾವನ್ನು ಕೋಟೆಯ ಸುತ್ತ 90 ಡಿಗ್ರಿ ಸುತ್ತಿಸಿ ನೋಡಿ. ಪೂರ್ವ-ಪಶ್ಚಿಮವಾಗಿ ಓಡುವ ಗೋಡೆ ಈಗ ತನ್ನ ತುದಿಯನ್ನು ನಿಮಗೆ ತೋರುತ್ತದೆ. ಅದರ ಎರಡೂ ಮಗ್ಗುಲು ತೆರೆದುಕೊಳ್ಳುತ್ತದೆ. ಮತ್ತಾವುದೋ ಗೋಡೆ ಅಡ್ಡ ಬರುತ್ತದೆ ಎನ್ನಿ. ಹೊರಳುದಾರಿಯನ್ನು ಪೂರ್ತಿ ತೋರಿಸುವ ಒಂದೇ ಓರೆನೋಟ ಸಿಗದು, ಆದರೆ ಎರಡು ಮೂರು ನೋಟಗಳನ್ನು ಜೋಡಿಸಿದರೆ ದಾರಿ ಸಿಗುತ್ತದೆ. ಬಾಗುವುದಕ್ಕಿಂತ ಸುತ್ತುವುದು ಇಲ್ಲಿ ಹೆಚ್ಚು ಉಪಯೋಗಿ.

ಕ್ಯಾಮೆರಾವನ್ನು ಬಿಗಿದದ್ದು ಏಕೆ?

ಇಷ್ಟೊಂದು ಪ್ರಯೋಜನವಿದ್ದರೆ ಹಳೆಯ ಆಟಗಳು ಕ್ಯಾಮೆರಾವನ್ನು ಕಟ್ಟಿಹಾಕಿದ್ದೇಕೆ? ಆಗ ಸೈನಿಕರನ್ನು ಚಿತ್ರಗಳಾಗಿ ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದರು. ಎಂಟು ದಿಕ್ಕಿಗೆ ಮುಖ ಮಾಡಿದ ಚಿತ್ರಗಳು, ಒಂದೊಂದರಲ್ಲೂ ನಡೆಯುವ, ಹೊಡೆಯುವ, ಬೀಳುವ ಹಂತಗಳು. ಓರೆಕೋನವನ್ನೂ ಬದಲಿಸುವುದಾದರೆ ಪ್ರತಿ ಕೋನಕ್ಕೂ ಇಡೀ ಕಂತೆಯನ್ನು ಹೊಸದಾಗಿ ಬರೆಯಬೇಕು. ಆ ಕಾಲದ ಗಣಕದ ನೆನಪಿಗೆ ಅದು ಹೊರಲಾರದ ಹೊರೆ. ಮೂರು ಆಯಾಮದ ಆಕೃತಿಯನ್ನು ಪರದೆಗೆ ಬೇಕಾದಾಗ ಬೇಕಾದ ಕೋನದಿಂದ ಬಿಡಿಸುವ ಗ್ರಾಫಿಕ್ಸ್ ಕಾರ್ಡುಗಳು 1990ರ ದಶಕದ ಕೊನೆಗೆ ಮನೆಯ ಗಣಕಗಳಿಗೆ ಬಂದ ಮೇಲೆ ಈ ಕಟ್ಟು ಸಡಿಲವಾಯಿತು. 1997ರ ಮಿಥ್ ಎಂಬ ಆಟದಲ್ಲಿ ಗುಡ್ಡಗಾಡಿನ ಸುತ್ತ ಕ್ಯಾಮೆರಾ ತಿರುಗಿಸಬಹುದಿತ್ತು. 1999ರ ಹೋಮ್‌ವರ್ಲ್ಡ್ ಬಾಹ್ಯಾಕಾಶದ ಆಟ. ಅಲ್ಲಿ ನೆಲವೇ ಇಲ್ಲದ್ದರಿಂದ ಮೇಲು ಕೆಳಗು ಎಂಬುದಿಲ್ಲ, ನೌಕೆಯ ಸುತ್ತ ಎಲ್ಲ ದಿಕ್ಕಿಗೂ ಕ್ಯಾಮೆರಾ ಸುತ್ತಬೇಕಿತ್ತು. 2000ದ ಶೋಗನ್ ಟೋಟಲ್ ವಾರ್ ಆಟದಲ್ಲಿ ಬೆಟ್ಟದ ಇಳಿಜಾರುಗಳನ್ನು ಕಣ್ಣಾರೆ ನೋಡಿ ಪಡೆ ನಿಲ್ಲಿಸಬಹುದಾಯಿತು. 2007ರ ಸುಪ್ರೀಂ ಕಮಾಂಡರ್‌ನಲ್ಲಿ ಒಂದು ಯಂತ್ರದ ಪಕ್ಕದಿಂದ ಹಿಡಿದು ಇಡೀ ರಣರಂಗ ಒಂದು ನಕ್ಷೆಯಾಗಿ ಕಾಣುವವರೆಗೂ ಮೌಸಿನ ಚಕ್ರ ತಿರುಗಿಸಿಯೇ ಹೋಗಬಹುದು.

ಆದರೂ ಒಂದು ಸಂಗತಿ ಹೇಳದೆ ಹೋದರೆ ಅನ್ಯಾಯವಾದೀತು. ನುರಿತ ಆಟಗಾರರಲ್ಲಿ ಅನೇಕರು ಕ್ಯಾಮೆರಾವನ್ನು ಮುಟ್ಟುವುದೇ ಇಲ್ಲ. ಕಾರಣವಿದೆ. ಕ್ಯಾಮೆರಾ ಸುತ್ತಿದರೆ ದಿಕ್ಕೂ ಸುತ್ತುತ್ತದೆ. ಪರದೆಯ ಮೇಲ್ತುದಿ ಉತ್ತರ ಎಂದು ಬೆರಳುಗಳಿಗೆ ರೂಢಿಯಾಗಿದ್ದರೆ, ಅದು ಒಮ್ಮೆಲೇ ಪೂರ್ವವಾದಾಗ ಮೂಲೆಯ ಕಿರುನಕ್ಷೆಗೂ ಕಣ್ಣಿಗೂ ತಾಳ ತಪ್ಪುತ್ತದೆ. ನಕ್ಷೆ ಹಿಡಿದು ಊರಲ್ಲಿ ನಡೆದವರಿಗೆ ಇದು ತಿಳಿದದ್ದೇ: ನಕ್ಷೆಯನ್ನು ನಡೆಯುವ ದಿಕ್ಕಿಗೆ ತಿರುಗಿಸಿಕೊಂಡರೆ ತಿರುವು ಸುಲಭ, ಊರಿನ ಒಟ್ಟು ವಿನ್ಯಾಸ ಕಷ್ಟ, ಉತ್ತರಕ್ಕೇ ಹಿಡಿದರೆ ಅದರ ತಿರುವುಮುರುವು. ಸರದಿಯಿಲ್ಲದ ಆಟದಲ್ಲಿ ಅರ್ಧ ಸೆಕೆಂಡಿನ ದಿಗ್ಭ್ರಮೆಗೂ ದಂಡ ತೆರಬೇಕು. ಜೊತೆಗೆ, ಕೋನ ಎಲ್ಲರಿಗೂ ಒಂದೇ ಆಗಿದ್ದರೆ ಪಂದ್ಯ ನ್ಯಾಯವಾಗಿರುತ್ತದೆ ಎಂಬ ವಾದವೂ ಉಂಟು.

2002ರ ವಾರ್‌ಕ್ರಾಫ್ಟ್‌ನ ಮೂರನೆಯ ಆಟ ಒಂದು ನಡುದಾರಿ ಹಿಡಿಯಿತು. ಅದರ ಕ್ಯಾಮೆರಾ ಸುಮಾರು 56 ಡಿಗ್ರಿಯಲ್ಲಿ ನಿಂತಿರುತ್ತದೆ. ಒಂದು ಕೀಲಿ ಒತ್ತಿ ಹಿಡಿದರೆ ಪಕ್ಕಕ್ಕೆ ಸುತ್ತುತ್ತದೆ, ಬಿಟ್ಟೊಡನೆ ಮೊದಲಿನ ದಿಕ್ಕಿಗೆ ಮರಳುತ್ತದೆ. ಕತ್ತು ಹೊರಳಿಸಿ ನೋಡಿ ಮತ್ತೆ ನೆಟ್ಟಗಾದಂತೆ. ನನಗೆ ಇದು ಬಹಳ ಜಾಣತನದ ಏರ್ಪಾಡೆನಿಸುತ್ತದೆ. ಬಯಲುನಾಡಿನ ಆಟಕ್ಕೆ ಬಿಗಿದ ಕ್ಯಾಮೆರಾ ಸಾಕು, ಸುಮ್ಮನೆ ತಿರುಗಿಸುತ್ತ ಕೂರುವುದು ಕಾಲಹರಣ. ಬಂಡೆ-ಬೆಟ್ಟಗಳ ಆಟಕ್ಕೆ ತಿರುಗುವ ಕ್ಯಾಮೆರಾ ಬೇಕೇ ಬೇಕು, ಆದರೆ ಮನೆಗೆ ಮರಳುವ ದಾರಿ ಒಂದೇ ಬೆರಳಿನ ದೂರದಲ್ಲಿರಬೇಕು.

ತರಗತಿಯಲ್ಲಿ ಒಂದು ಕೋಟೆ

ಇದನ್ನೆಲ್ಲ ಪರೀಕ್ಷಿಸಲು ಗಣಕ ಬೇಕಿಲ್ಲ. ಮೇಜಿನ ಮೇಲೆ 10 ಸೆಂಟಿಮೀಟರ್ ಎತ್ತರದ ಒಂದು ಡಬ್ಬಿಯನ್ನು ಗೋಡೆಯಂತೆ ಇಡಿ. ಅದರ ಹಿಂದೆ 4, 8, 14, 20 ಸೆಂಟಿಮೀಟರ್ ದೂರದಲ್ಲಿ ಒಂದೊಂದು ಹುರುಳಿಕಾಳು ಇಡಿ. ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲು ತೂಗಿಸಿ ಮೊಬೈಲಿನ ಬೆನ್ನಿಗೆ ಅಂಟಿಸಿದರೆ ಓರೆಕೋನ ಓದಬಹುದು. ಸಾಧ್ಯವಾದಷ್ಟು ದೂರ ನಿಂತು, ಜೂಮ್ ಮಾಡಿ, 30, 45, 60 ಡಿಗ್ರಿಗಳಲ್ಲಿ ಚಿತ್ರ ತೆಗೆಯಿರಿ. ಹತ್ತಿರ ನಿಂತರೆ ದೃಷ್ಟಿರೇಖೆಗಳು ಸಮಾಂತರವಾಗಿರುವುದಿಲ್ಲ, ಲೆಕ್ಕ ತಪ್ಪುತ್ತದೆ. 30ರಲ್ಲಿ 20 ಸೆಂಟಿಮೀಟರಿನ ಕಾಳು ಮಾತ್ರ ಕಾಣಬೇಕು, 45ರಲ್ಲಿ 14ರದ್ದೂ ಸೇರಬೇಕು, 60ರಲ್ಲಿ 8ರದ್ದೂ. 4ರದ್ದು ಯಾವ ಕೋನದಲ್ಲಿ ಕಾಣತೊಡಗುತ್ತದೆ ಎಂದು ಮಕ್ಕಳು ಮೊದಲೇ ಲೆಕ್ಕ ಮಾಡಿ ಹೇಳಲಿ. ಉತ್ತರ 68 ಡಿಗ್ರಿಗಳ ಸುಮಾರಿಗೆ ಬರಬೇಕು. ಮುಂದಿನ ಬಾರಿ ಡಬ್ಬಿಯ ಮೇಲೂ ಒಂದು ಕಾಳನ್ನಿಟ್ಟು, ಎರಡು ಚಿತ್ರಗಳನ್ನು ಹೋಲಿಸಿ ಅದರ ಎತ್ತರ ಕಂಡುಹಿಡಿಯಲು ಹೇಳಿ.

ಚಿತ್ರದುರ್ಗದ ಹತ್ತಿರದ ಶಾಲೆಯವರಾದರೆ ಕೋಟೆಗೇ ಹೋಗಬಹುದು. ಹೋದಾಗ ಓಬವ್ವನ ಕಿಂಡಿಯ ಮುಂದೆ ಮಕ್ಕಳನ್ನು ನಿಲ್ಲಿಸಿ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದರೆಂದು, ನೀರಿಗೆ ಬಂದ ಕಾವಲುಗಾರನ ಹೆಂಡತಿ ಒನಕೆ ಹಿಡಿದು ನಿಂತಳೆಂದು ಕಥೆ ಹೇಳುವ ಜಾಗ ಅದು. ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ನೆಲದ 50 ಮೀಟರಿಗೆ ಸಮ, ಎತ್ತರದ ಗೆರೆಗಳ ನಡುವೆ 20 ಮೀಟರ್ ಅಂತರ. ಒಬ್ಬ ಮನುಷ್ಯ ತೆವಳುವಷ್ಟು ಸಂದು ಅದರಲ್ಲಿ ಮೂಡುವ ಮಾತೇ ಇಲ್ಲ. ಉಪಗ್ರಹದ ಚಿತ್ರದಲ್ಲಿ ಬಂಡೆಗಳ ನೆತ್ತಿ ಕಾಣುತ್ತದೆ, ಸಂದು ಕಾಣದು. ಎದುರು ಬಂಡೆಯ ಓರೆಯಿಂದ ನೋಡಿದರೆ ಒಂದು ನೆರಳು, ಅಷ್ಟೆ. ಕಿಂಡಿ ಕಿಂಡಿಯಾಗಿ ಕಾಣುವುದು ಅದರ ನೇರಕ್ಕೆ, ಅದರ ಮಟ್ಟಕ್ಕೆ ಬಾಗಿ ನೋಡಿದಾಗ. ಅಲ್ಲಿಂದ ಚಂದ್ರವಳ್ಳಿಗೆ ಇಳಿದು ಅಂಕಲಿ ಮಠದ ನೆಲದಡಿಯ ಕೋಣೆಗಳನ್ನು ಹೊಕ್ಕರೆ ಮಕ್ಕಳಿಗೆ ಇನ್ನೊಂದು ಪ್ರಶ್ನೆ ಕೇಳಬಹುದು: ಇದನ್ನು ತೋರಿಸಲು ಕ್ಯಾಮೆರಾ ಯಾವ ಕೋನದಲ್ಲಿರಬೇಕು? ಯಾವ ಕೋನವೂ ಸಾಲದು. ಮೇಲಿನ ಬಂಡೆಯನ್ನೇ ಚಿತ್ರದಲ್ಲಿ ಕತ್ತರಿಸಿ ತೆಗೆದು, ಅಡ್ಡಕೊಯ್ತದ ನೋಟ ಕೊಡಬೇಕಾಗುತ್ತದೆ.